ಹೆಡ್‌ಸೆಟ್ ಹಾಕಿಸುವ ಮೊದಲು: ಚಲನೆಯ ತೊಂದರೆಯಿರುವ ಮಕ್ಕಳಿಗೆ ವಿಆರ್ ಚಿಕಿತ್ಸೆ ಏನು ಮಾಡಬಲ್ಲದು

ಮುಂಬೈ, ಪುಣೆಗಳ ಕೆಲವು ಪುನರ್ವಸತಿ ಕೇಂದ್ರಗಳಲ್ಲಿ ಮಕ್ಕಳ ಫಿಸಿಯೋಥೆರಪಿಗೆ, ಕಂಪ್ಯೂಟರ್ ಸೃಷ್ಟಿಸಿದ ದೃಶ್ಯದೊಳಗೆ ಆಡಿಸುವ ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ಬಳಕೆಯಾಗತೊಡಗಿದೆ. ಅದರ ಸುದ್ದಿ ಇಲ್ಲಿನ ಕನ್ನಡಿಗರ ಮನೆಗಳನ್ನೂ ತಲುಪಿದೆ. ಮಕ್ಕಳ ಫಿಸಿಯೋಥೆರಪಿಯೇ ನನ್ನ ವೃತ್ತಿಯಾದ್ದರಿಂದ ತಂದೆತಾಯಂದಿರು ನನ್ನನ್ನೂ ಕೇಳುತ್ತಾರೆ. ಡೊಂಬಿವಲಿಯ ತಾಯಿಯೊಬ್ಬರ ಮಾತು ಅವರೆಲ್ಲರ ಮಾತೂ ಹೌದು: “ಮೊಬೈಲ್ ಹಿಡಿಯಬೇಡ ಎಂದು ದಿನವಿಡೀ ಬೈಯುವ ನಾವೇ ಈಗ ದುಡ್ಡು ಕೊಟ್ಟು ಆಟದ ಕನ್ನಡಕ ಹಾಕಿಸಬೇಕೇ ಮೇಡಂ? ಹಾಕಿಸಿದರೆ ಮಗು ನಡೆಯುತ್ತದೆಯೇ?”

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಾಧನಕ್ಕೆ ತನ್ನದೇ ಆದ ಗುಣಪಡಿಸುವ ಶಕ್ತಿ ಇಲ್ಲ. ಮಗು ತಾನಾಗಿ, ಮನಸ್ಸಿಟ್ಟು, ಸರಿಯಾದ ಚಲನೆಯನ್ನು ನೂರಾರು ಬಾರಿ ಮಾಡುವಂತೆ ಮಾಡಲು ಅದಕ್ಕೆ ಸಾಧ್ಯವಾದರೆ ಅದು ಬಹಳ ದೊಡ್ಡ ಸಹಾಯ. ಸಾಧ್ಯವಾಗದಿದ್ದರೆ ಅದು ದುಬಾರಿ ಆಟಿಕೆ. ಈ ಎರಡರ ನಡುವಿನ ವ್ಯತ್ಯಾಸವನ್ನು ತಂದೆತಾಯಿಯೇ ಗುರುತಿಸಬಹುದು. ಅದಕ್ಕೆ ಒಳಗಿನ ಸಂಗತಿ ಸ್ವಲ್ಪ ತಿಳಿದಿರಬೇಕು.

ಮಕ್ಕಳಲ್ಲಿ ಚಲನೆಯ ತೊಂದರೆಗೆ ಅತಿ ಸಾಮಾನ್ಯ ಕಾರಣ ಸೆರೆಬ್ರಲ್ ಪಾಲ್ಸಿ. ಸಾವಿರ ಮಕ್ಕಳಲ್ಲಿ ಸುಮಾರು 2ರಿಂದ 3 ಮಕ್ಕಳಿಗೆ ಇದು ಇರುತ್ತದೆ. ಗರ್ಭದಲ್ಲಿರುವಾಗ, ಹೆರಿಗೆಯ ಹೊತ್ತಿನಲ್ಲಿ ಅಥವಾ ಹುಟ್ಟಿದ ಮೊದಲ ದಿನಗಳಲ್ಲಿ, ಇನ್ನೂ ಬೆಳೆಯುತ್ತಿರುವ ಮಿದುಳಿಗೆ ಆದ ಹಾನಿಯೇ ಇದರ ಮೂಲ. ಅವಧಿಗೆ ಮುನ್ನ ಹುಟ್ಟುವುದು, ಆಮ್ಲಜನಕದ ಕೊರತೆ, ಮಿದುಳಿನ ಸೋಂಕು, ಚಿಕಿತ್ಸೆ ಸಿಗದೆ ವಿಪರೀತಕ್ಕೆ ಹೋದ ನವಜಾತ ಶಿಶುವಿನ ಕಾಮಾಲೆ, ಹೀಗೆ ಕಾರಣಗಳು ಹಲವು. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಜಾನ್ ಲಿಟಲ್ 1860ರ ದಶಕದ ಆರಂಭದಲ್ಲಿಯೇ ಕಷ್ಟದ ಹೆರಿಗೆಗೂ ಮಕ್ಕಳ ಕೈಕಾಲಿನ ಬಿಗಿತಕ್ಕೂ ಇರುವ ಸಂಬಂಧವನ್ನು ವಿವರಿಸಿದ್ದರು. ಮಿದುಳಿಗೆ ಆದ ಹಾನಿ ಮುಂದೆ ಹೆಚ್ಚುವುದಿಲ್ಲ. ಆದರೆ ಮಗು ಬೆಳೆಯುತ್ತದೆ, ಎಲುಬು ಉದ್ದವಾಗುತ್ತದೆ, ಬಿಗಿಯಾದ ಸ್ನಾಯು ಆ ವೇಗಕ್ಕೆ ಹಿಗ್ಗುವುದಿಲ್ಲ. ಹಾಗಾಗಿ ಎರಡು ವರ್ಷದಲ್ಲಿ ಇಲ್ಲದ ತೊಂದರೆ ಎಂಟು ವರ್ಷದಲ್ಲಿ ಕಾಣಿಸಿಕೊಳ್ಳುತ್ತದೆ. “ಮಗುವಿಗೆ ಕಾಯಿಲೆ ಜಾಸ್ತಿಯಾಯಿತು” ಎಂದು ಮನೆಯವರು ದುಃಖಿಸುವುದು ಆಗಲೇ.

ಒಂದು ಮಗುವಿನ ಸೆರೆಬ್ರಲ್ ಪಾಲ್ಸಿ ಇನ್ನೊಂದರಂತಿಲ್ಲ. ಒಬ್ಬ ಹುಡುಗನಿಗೆ ಎಡಗೈ, ಎಡಗಾಲು ಮಾತ್ರ ಬಿಗಿ; ಅವನು ಓಡುತ್ತಾನೆ, ಶಾಲೆಗೆ ಹೋಗುತ್ತಾನೆ, ಶರ್ಟಿನ ಗುಂಡಿ ಹಾಕಿಕೊಳ್ಳಲು ಮಾತ್ರ ಒದ್ದಾಡುತ್ತಾನೆ. ಇನ್ನೊಬ್ಬಳಿಗೆ ತಲೆ ನೆಟ್ಟಗೆ ನಿಲ್ಲಿಸುವುದೇ ಕಷ್ಟ. ಈ ವ್ಯತ್ಯಾಸವನ್ನು ಎಲ್ಲ ಥೆರಪಿಸ್ಟರೂ ಒಂದೇ ಭಾಷೆಯಲ್ಲಿ ಮಾತನಾಡಿಕೊಳ್ಳಲೆಂದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ 1997ರಲ್ಲಿ ಐದು ಹಂತಗಳ ವರ್ಗೀಕರಣವೊಂದನ್ನು ಪ್ರಕಟಿಸಿತು. ಜಿಎಂಎಫ್‌ಸಿಎಸ್ ಎಂದು ನಿಮ್ಮ ಮಗುವಿನ ಫೈಲಿನಲ್ಲಿ ಬರೆದಿರುವುದು ಅದನ್ನೇ. ಮೊದಲ ಹಂತದ ಮಗು ಆಸರೆಯಿಲ್ಲದೆ ನಡೆಯುತ್ತದೆ, ಮೆಟ್ಟಿಲು ಹತ್ತುತ್ತದೆ. ಐದನೆಯ ಹಂತದ ಮಗುವನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬೇರೆಯವರು ಕರೆದೊಯ್ಯಬೇಕು. ವಿಆರ್ ಬಗ್ಗೆ ಯಾರು ಏನೇ ಹೇಳಲಿ, ಅದು ಯಾವ ಹಂತದ ಮಗುವಿನ ಕುರಿತ ಮಾತು ಎಂದು ಮೊದಲು ಕೇಳಿ. ಇಂಥ ಆಟಗಳ ಅಧ್ಯಯನಗಳಲ್ಲಿ ಹೆಚ್ಚಿನವು ನಡೆದಿರುವುದು ತೊಂದರೆ ಕಡಿಮೆಯಿರುವ ಮೊದಲ ಹಂತಗಳ ಮಕ್ಕಳ ಮೇಲೆ.

ಮಿದುಳಿನ ಹಾನಿಯನ್ನು ಅಳಿಸಲಾಗದಿದ್ದರೆ ಥೆರಪಿ ಮಾಡುವುದಾದರೂ ಏನು? ಉಳಿದಿರುವ ನರಮಾರ್ಗಗಳನ್ನು ಬಳಸಿ ಬಳಸಿ ಬಲಪಡಿಸುವುದು. ಬಳಸಿದ ಸಂಪರ್ಕ ಉಳಿಯುತ್ತದೆ, ಬಳಸದ್ದು ಸೊರಗುತ್ತದೆ. ಮುಂಬೈಯ ಕನ್ನಡ ಸಂಘಗಳಲ್ಲಿ ರಜಾದಿನ ಯಕ್ಷಗಾನ ಕಲಿಯುವ ಮಕ್ಕಳನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಗುರುಗಳು ಮಗುವಿನ ಕಾಲು ಹಿಡಿದು ಎತ್ತಿ ಇಡುವುದಿಲ್ಲ. ತಾಳ ಕೊಡುತ್ತಾರೆ, ಹೆಜ್ಜೆ ತೋರಿಸುತ್ತಾರೆ. ಮಗು ತಪ್ಪುತ್ತದೆ, ತಪ್ಪಿದ್ದು ತಾಳದಿಂದಲೇ ಅದಕ್ಕೆ ಗೊತ್ತಾಗುತ್ತದೆ, ಮತ್ತೆ ಹಾಕುತ್ತದೆ. ಚಲನೆ ಕಲಿಯುವ ಕ್ರಮವೇ ಇದು: ಪ್ರಯತ್ನ ಮಗುವಿನದು, ಗುರಿ ಕಣ್ಣೆದುರು, ತಪ್ಪಿದ್ದು ಆ ಕ್ಷಣದಲ್ಲೇ ತಿಳಿಯಬೇಕು, ಆವೃತ್ತಿಗಳು, ಅಂದರೆ ಅದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು, ಹೇರಳವಾಗಿರಬೇಕು. ಮಗು ಸುಮ್ಮನೆ ಮಲಗಿರುವಾಗ ನಾವು ಅದರ ಕಾಲನ್ನು ಎಳೆದು ಮಡಿಸುವುದರಿಂದ ಹೊಸ ಕೌಶಲ ಬರುವುದಿಲ್ಲ ಎಂಬುದು ಈಗ ಸ್ಪಷ್ಟವಾಗಿದೆ. ಮಗು ತಾನೇ ಒಂದು ನಿಜವಾದ ಕೆಲಸವನ್ನು ಗುರಿಯಾಗಿಟ್ಟುಕೊಂಡು ಅಭ್ಯಾಸ ಮಾಡುವ ವಿಧಾನಗಳಿಗೆ ಬಲವಾದ ಪುರಾವೆಯಿದೆ. ಚೆನ್ನಾಗಿರುವ ಕೈಗೆ ಕೆಲವು ವಾರ ಕೈಗವಸು ತೊಡಿಸಿ ದುರ್ಬಲ ಕೈಯಿಂದಲೇ ಆಡಿಸುವ ಚಿಕಿತ್ಸೆ ಅಂಥದ್ದೊಂದು. ಎರಡೂ ಕೈ ಬೇಕಾಗುವ ಆಟಗಳನ್ನು ದಿನಕ್ಕೆ ಹಲವು ಗಂಟೆ ಆಡಿಸುವುದು ಇನ್ನೊಂದು.

ತೊಡಕಿರುವುದು ಎಣಿಕೆಯಲ್ಲಿ. ಉತ್ತರ ಅಮೆರಿಕದ ಪುನರ್ವಸತಿ ಕೇಂದ್ರಗಳಲ್ಲಿ ಪಾರ್ಶ್ವವಾಯುವಿನ ವಯಸ್ಕ ರೋಗಿಗಳ ಚಿಕಿತ್ಸೆಯನ್ನು ಪಕ್ಕದಲ್ಲೇ ಕುಳಿತು ಎಣಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಕೈಯಿಂದ ಉಪಯುಕ್ತ ಕೆಲಸ ಮಾಡಿಸುವ ಒಂದು ಅವಧಿಯಲ್ಲಿ ಸರಾಸರಿ ಆದ ಆವೃತ್ತಿಗಳು ಕೇವಲ 32. ಪ್ರಾಣಿಗಳ ಮಿದುಳಿನಲ್ಲಿ ಬದಲಾವಣೆ ಕಂಡ ಪ್ರಯೋಗಗಳಲ್ಲಿ ಒಂದೊಂದು ಅವಧಿಗೂ ನೂರಾರು ಆವೃತ್ತಿಗಳಿದ್ದವು. ಮಕ್ಕಳ ವಿಷಯದಲ್ಲಿ ಇದು ಇನ್ನೂ ಕಷ್ಟ. ಒಂದು ಮಣಿಯನ್ನು ಬಟ್ಟಲಿಗೆ ಹಾಕು ಎಂದರೆ ನಾಲ್ಕು ವರ್ಷದ ಮಗು ಹತ್ತು ಸಲ ಹಾಕೀತು, ಹನ್ನೊಂದನೆಯ ಸಲ ಬಟ್ಟಲನ್ನೇ ಬೀಳಿಸೀತು.

ಇದಕ್ಕೆ ಮುಂಬೈಯ ದೂರವನ್ನೂ ಸೇರಿಸಿಕೊಳ್ಳಿ. ಈ ನಗರದಲ್ಲಿ ಪುನರ್ವಸತಿ ಸೇವೆಗೆ ಹಳೆಯ ಬೇರುಗಳಿವೆ. ಪೋಲಿಯೋ ಕಾಲದಲ್ಲಿ, 1950ರ ದಶಕದಲ್ಲಿ, ಹಾಜಿ ಅಲಿಯ ಬಳಿ ಕೇಂದ್ರ ಸರ್ಕಾರದ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ ಆರಂಭವಾಯಿತು. 1972ರಲ್ಲಿ ಮಿಥು ಅಲೂರ್ ಅವರು ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದರು, ಇಂದು ಅದು ಅಡಾಪ್ಟ್ ಎಂಬ ಹೆಸರಿನಲ್ಲಿದೆ. ಪರೇಲಿನಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆಯೂ ಕೆಇಎಂ ಆಸ್ಪತ್ರೆಯೂ ಇವೆ. ಇವೆಲ್ಲ ದ್ವೀಪನಗರದಲ್ಲೋ ಅದರ ಅಂಚಿನಲ್ಲೋ ಇವೆ. ನಮ್ಮ ಜನ ಹೆಚ್ಚಾಗಿ ಇರುವುದು ಡೊಂಬಿವಲಿ, ಠಾಣೆ, ಮೀರಾ ರೋಡ್, ನಾಲಾಸೋಪಾರಾಗಳಲ್ಲಿ. ಡೊಂಬಿವಲಿಯಿಂದ ಹಾಜಿ ಅಲಿಗೆ ಹೋಗಬೇಕಾದರೆ ಮಗುವನ್ನು ಎತ್ತಿಕೊಂಡು ಲೋಕಲ್ ಹತ್ತಿ, ದಾದರಿನಲ್ಲಿ ಸೇತುವೆ ದಾಟಿ ಪಶ್ಚಿಮ ರೈಲ್ವೆಗೆ ಬದಲಿಸಿ, ಮಹಾಲಕ್ಷ್ಮಿಯಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬೇಕು. ಅಂಗವಿಕಲರ ಬೋಗಿಯಲ್ಲಿಯೂ ಕಿಕ್ಕಿರಿದ ಜನ. ಮುಕ್ಕಾಲು ಗಂಟೆಯ ಥೆರಪಿಗೆ ಅರ್ಧ ದಿನ ಹೋಗುತ್ತದೆ. ಹೋಟೆಲಿನಲ್ಲಿ ದುಡಿಯುವ ತಂದೆಗೆ ಒಂದು ಪಾಳಿಯ ಸಂಬಳವೂ ಹೋಗುತ್ತದೆ. ವಾರಕ್ಕೆ ಎರಡು ಸಲ ಬನ್ನಿ ಎಂದು ನಾವು ಬರೆದುಕೊಡುವುದು ಸುಲಭ. ಬರಲಾಗದ ತಾಯಿಯನ್ನು ಗದರುವ ಹಕ್ಕು ನಮಗಿಲ್ಲ ಎಂದು ನಾನು ನಂಬಿದ್ದೇನೆ.

ಅಭ್ಯಾಸ ಸಾಕಷ್ಟು ಸಿಗದಿರುವ ಈ ಕೊರತೆಯನ್ನು ತುಂಬಲು ವಿಆರ್ ಬಂದಿದೆ. ಹಾಗೆಂದಾಗ ಎಲ್ಲರ ಕಣ್ಣಿಗೂ ಕಟ್ಟುವುದು ತಲೆಗೆ ತೊಡುವ ಹೆಡ್‌ಸೆಟ್. ಅದೊಂದೇ ಅಲ್ಲ, ಪುನರ್ವಸತಿಯಲ್ಲಿ ಮೂರು ಬಗೆಗಳಿವೆ. ಸರಳವಾದದ್ದು ಟಿವಿ ಮತ್ತು ಸಂವೇದಕ. 2006ರಲ್ಲಿ ಬಂದ ನಿಂಟೆಂಡೊ ವೀ ಎಂಬ ಆಟದ ಯಂತ್ರ, ಮರುವರ್ಷ ಅದಕ್ಕೆ ಸೇರಿದ ಬ್ಯಾಲೆನ್ಸ್ ಬೋರ್ಡ್, 2010ರಲ್ಲಿ ಬಂದ ಮೈಕ್ರೋಸಾಫ್ಟ್ ಕಿನೆಕ್ಟ್ ಇವುಗಳನ್ನು ಥೆರಪಿಸ್ಟರು ಮಾರುಕಟ್ಟೆಯಿಂದ ಎತ್ತಿಕೊಂಡು ಬಂದು ಚಿಕಿತ್ಸೆಗೆ ಬಳಸಿದರು. ಬ್ಯಾಲೆನ್ಸ್ ಬೋರ್ಡಿನ ನಾಲ್ಕು ಮೂಲೆಗಳಲ್ಲಿರುವ ಒತ್ತಡದ ಸಂವೇದಕಗಳು ಮಗುವಿನ ಭಾರ ಯಾವ ಕಾಲಿನ ಮೇಲೆ ಎಷ್ಟಿದೆ ಎಂದು ಹೇಳುತ್ತವೆ. ಕಿನೆಕ್ಟ್ ಅವಕೆಂಪು ಕಿರಣಗಳಿಂದ ಮೈಯ 20 ಬಿಂದುಗಳನ್ನು ಗುರುತಿಸಿ ಪರದೆಯ ಮೇಲೆ ಒಂದು ಗೊಂಬೆಯನ್ನು ಮಗುವಿನಂತೆಯೇ ಕುಣಿಸುತ್ತದೆ. ಎರಡನೆಯ ಬಗೆ ಟ್ರೆಡ್‌ಮಿಲ್, ಸೊಂಟಕ್ಕೆ ಸುರಕ್ಷತಾ ಪಟ್ಟಿ, ಎದುರಿಗೆ ದೊಡ್ಡ ಪರದೆ ಇರುವ ಆಸ್ಪತ್ರೆಯ ವ್ಯವಸ್ಥೆ. ಮೂರನೆಯದು ಹೆಡ್‌ಸೆಟ್. ಎರಡು ಕಣ್ಣಿಗೂ ತುಸು ಬೇರೆ ಬೇರೆ ಚಿತ್ರ ತೋರಿಸಿ ಆಳದ ಭಾವನೆ ಹುಟ್ಟಿಸುತ್ತದೆ. ತಲೆ ತಿರುಗಿದ ಕೂಡಲೇ ದೃಶ್ಯವೂ ತಿರುಗುತ್ತದೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲ್ಯಾಂಡ್ 1968ರಲ್ಲಿ ತೋರಿಸಿದ ಇಂಥ ಸಾಧನವನ್ನು ಭಾರದಿಂದಾಗಿ ಚಾವಣಿಯಿಂದ ನೇತುಹಾಕಬೇಕಿತ್ತು. ಇಂದಿನ ಹೆಡ್‌ಸೆಟ್ಟಿನ ತೂಕ ಅರ್ಧ ಕಿಲೋ.

ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಬಹುಪಾಲು ಮೊದಲ ಬಗೆಯವು. ಹೆಡ್‌ಸೆಟ್ ಮಾರುವವರು ಟಿವಿ ಪರದೆಯ ಮುಂದೆ ಸಿಕ್ಕ ಫಲಿತಾಂಶವನ್ನು ತಮ್ಮದೆಂದು ತೋರಿಸಿದರೆ ಒಪ್ಪಿಕೊಳ್ಳಬೇಡಿ.

ಒಂದು ಅವಧಿ ಹೇಗಿರುತ್ತದೆ ನೋಡೋಣ. ಎಡಗೈ ಬಿಗಿಯಾಗಿರುವ ಏಳು ವರ್ಷದ ಹುಡುಗ. ಮೊಣಕೈ ಪೂರ್ತಿ ಚಾಚುವುದು, ಅಂಗೈಯನ್ನು ಮೇಲಕ್ಕೆ ತಿರುಗಿಸುವುದು ಅವನಿಗೆ ಕಷ್ಟ. ಪರದೆಯ ಮೇಲೆ ನೀರಗುಳ್ಳೆಗಳು ತೇಲುತ್ತವೆ, ಎಡಗೈಯಿಂದ ಮುಟ್ಟಿದರೆ ಒಡೆಯುತ್ತವೆ. ಥೆರಪಿಸ್ಟ್ ಮೊದಲ ದಿನ ಗುಳ್ಳೆಗಳನ್ನು ಅವನ ಕೈಗೆ ಸುಲಭವಾಗಿ ಎಟಕುವಲ್ಲಿ ಇಡುತ್ತಾರೆ, ಮತ್ತೆ ಬೆರಳಿನ ಅಗಲದಷ್ಟು ದೂರ ಸರಿಸುತ್ತಾರೆ. ಹತ್ತರಲ್ಲಿ ಏಳೆಂಟು ಸಲ ಗೆಲ್ಲಬೇಕು, ಎರಡು ಮೂರು ಸಲ ಸೋಲಬೇಕು. ಪೂರ್ತಿ ಗೆದ್ದರೆ ಬೇಸರ, ಪೂರ್ತಿ ಸೋತರೆ ಅಳು. “ಮೊಣಕೈ ನೇರ ಮಾಡು” ಎನ್ನುವುದಕ್ಕಿಂತ “ಆ ಕೆಂಪು ಗುಳ್ಳೆ ಒಡೆ” ಎಂದಾಗ ಚಲನೆ ಹೆಚ್ಚು ಸರಾಗವಾಗಿ ಬರುತ್ತದೆ. ಗಮನ ತನ್ನ ಅಂಗದ ಮೇಲಿರದೆ ಹೊರಗಿನ ಗುರಿಯ ಮೇಲಿದ್ದರೆ ಕಲಿಕೆ ಚೆನ್ನಾಗಿರುತ್ತದೆ ಎಂಬುದು ಚಲನೆಯ ಕಲಿಕೆಯ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡ ವಿಷಯ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕೈ ನೂರಾರು ಸಲ ಚಾಚಿರುತ್ತದೆ, ಮಗು ಇನ್ನೊಂದು ಆಟ ಕೇಳುತ್ತಿರುತ್ತದೆ. ಮಣಿ ಮತ್ತು ಬಟ್ಟಲಿನಿಂದ ನನಗೆ ಇದು ಸಾಧ್ಯವಾಗುವುದಿಲ್ಲ.

ಆದರೆ ಮಕ್ಕಳು ಜಾಣರು. ಮೊಣಕೈ ಚಾಚುವ ಬದಲು ಬೆನ್ನನ್ನೇ ಮುಂದಕ್ಕೆ ಬಾಗಿಸಿ ಗುಳ್ಳೆ ಮುಟ್ಟುತ್ತಾರೆ. ಭುಜ ಎತ್ತಿ ಬೀಸುತ್ತಾರೆ. ಸಾಮಾನ್ಯ ಆಟಕ್ಕೆ ಅದರ ಪರಿವೆಯೇ ಇಲ್ಲ, ಅಂಕ ಕೊಟ್ಟುಬಿಡುತ್ತದೆ. ಹಾಗಾದಾಗ ನೂರಾರು ಸಲ ಅಭ್ಯಾಸವಾಗುವುದು ತಪ್ಪು ಚಲನೆಯೇ. ಪುನರ್ವಸತಿಗೆಂದೇ ಮಾಡಿದ ಕಾರ್ಯಕ್ರಮಗಳಲ್ಲಿ ಬೆನ್ನು ಇಷ್ಟಕ್ಕಿಂತ ಹೆಚ್ಚು ಬಾಗಿದರೆ ಗುಳ್ಳೆ ಒಡೆಯದಂತೆ ಮಿತಿ ಹಾಕಬಹುದು. ಅದಿಲ್ಲದ ಆಟದಲ್ಲಿ ಪಕ್ಕದಲ್ಲಿ ಕುಳಿತ ಥೆರಪಿಸ್ಟರ ಕಣ್ಣೇ ಗತಿ. ಹೆಡ್‌ಸೆಟ್ ತೊಡಿಸಿ ಮಗುವನ್ನು ಒಂಟಿಯಾಗಿ ಬಿಟ್ಟು ಇನ್ನೊಬ್ಬರನ್ನು ನೋಡಲು ಹೋಗುವ ಕೇಂದ್ರದಲ್ಲಿ ನೀವು ಹಣ ಕೊಡುತ್ತಿರುವುದು ಆಟಕ್ಕೆ ಮಾತ್ರ.

ಇನ್ನೊಂದು ಕೊರತೆ ಭಾರದ್ದು. ವಿಆರ್‌ನಲ್ಲಿ ಹಿಡಿದ ಲೋಟಕ್ಕೆ ತೂಕವಿಲ್ಲ, ತಣ್ಣಗಿಲ್ಲ, ಜಾರುವುದಿಲ್ಲ. ಕೈಯಲ್ಲಿ ಸ್ಪರ್ಶಜ್ಞಾನವೂ ಕಡಿಮೆಯಿರುವ ಮಗುವಿಗೆ ಈ ಕೊರತೆ ದೊಡ್ಡದು. ಪರದೆಯ ಮೇಲೆ ಕಲಿತದ್ದು ಅಡುಗೆಮನೆಗೆ ತಾನಾಗಿ ಬರುವುದಿಲ್ಲ. ಆದ್ದರಿಂದ ಆಟ ಮುಗಿದ ಕೂಡಲೇ, ಕೈ ಬಿಸಿಯಾಗಿರುವಾಗಲೇ, ನಿಜವಾದ ಸ್ಟೀಲ್ ಲೋಟದಲ್ಲಿ ಅರ್ಧ ನೀರು ತುಂಬಿಸಿ ಎತ್ತಿಸಬೇಕು, ದೋಸೆ ಮುರಿಸಬೇಕು, ಚೀಲದ ಜಿಪ್ ಎಳೆಸಬೇಕು. ಈ ಭಾಗವನ್ನು ಬಿಟ್ಟ ವಿಆರ್ ಕಾರ್ಯಕ್ರಮ ನನ್ನ ದೃಷ್ಟಿಯಲ್ಲಿ ಅಪೂರ್ಣ.

ಪುರಾವೆ ಏನು ಹೇಳುತ್ತದೆ? ಸೆರೆಬ್ರಲ್ ಪಾಲ್ಸಿಯ ಮಕ್ಕಳಲ್ಲಿ ದೇಹದ ಸಮತೋಲನ ಸುಧಾರಿಸುವ ವಿಷಯದಲ್ಲಿ ಫಲಿತಾಂಶ ಭರವಸೆ ಹುಟ್ಟಿಸುವಂತಿದೆ. ಕೈಯ ಕೆಲಸ, ನಡಿಗೆಗಳ ವಿಷಯದಲ್ಲಿ ಅಷ್ಟು ಗಟ್ಟಿಯಾಗಿಲ್ಲ. ಅಧ್ಯಯನಗಳು ಬಹುತೇಕ ಚಿಕ್ಕವು, ಒಂದೊಂದರಲ್ಲಿ ಒಂದೊಂದು ಆಟ, ಒಂದೊಂದು ಅವಧಿ. ಹೆಚ್ಚು ಸ್ಪಷ್ಟವಾದ ಪಾಠ ವಯಸ್ಕರಿಂದ ಬಂದಿದೆ. ಪಾರ್ಶ್ವವಾಯು ರೋಗಿಗಳ ಮೇಲೆ ನಡೆದ 72 ಪ್ರಯೋಗಗಳನ್ನು ಒಟ್ಟುಗೂಡಿಸಿದ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2017ರ ವಿಮರ್ಶೆಯ ಪ್ರಕಾರ, ಸಾಮಾನ್ಯ ಥೆರಪಿಯ ಬದಲಿಗೆ ವಿಆರ್ ಕೊಟ್ಟರೆ ಕೈಯ ಸುಧಾರಣೆಯಲ್ಲಿ ಹೆಚ್ಚುವರಿ ಲಾಭ ಕಾಣಲಿಲ್ಲ. ಸಾಮಾನ್ಯ ಥೆರಪಿಯ ಜೊತೆಗೆ ಸೇರಿಸಿ ಒಟ್ಟು ಅಭ್ಯಾಸದ ಸಮಯ ಹೆಚ್ಚಿಸಿದಾಗ ಲಾಭ ಕಂಡಿತು. ನಾನು ಆರಂಭದಲ್ಲಿ ಹೇಳಿದ ಮಾತಿಗೆ ಇದೇ ಆಧಾರ. “ಫಿಸಿಯೋಥೆರಪಿ ಬಿಡಿಸಿ ವಿಆರ್‌ಗೆ ಸೇರಿಸೋಣವೇ” ಎಂದು ಕೇಳುವವರಿಗೆ ನನ್ನ ಉತ್ತರ ಖಡಾಖಂಡಿತವಾಗಿ ಬೇಡ ಎಂದೇ.

ವಯಸ್ಸಿನ ವಿಷಯದಲ್ಲಿ ಒಂದು ಕಟುವಾದ ಸತ್ಯವಿದೆ. ಕೆನಡಾದ ಒಂಟಾರಿಯೊದ 657 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ, ಕೂರುವ, ನಿಲ್ಲುವ, ನಡೆಯುವಂಥ ದೊಡ್ಡ ಚಲನೆಗಳಲ್ಲಿ ಮಗು ತನ್ನ ಸಾಮರ್ಥ್ಯದ ಸುಮಾರು ಶೇ. 90ರಷ್ಟನ್ನು ಐದು ವರ್ಷದೊಳಗೇ ಮುಟ್ಟುತ್ತದೆ ಎಂದು ತೋರಿಸಿತು. ಇತ್ತ ಮೆಟಾ ಕಂಪನಿ ತನ್ನ ಹೆಡ್‌ಸೆಟ್‌ಗಳಿಗೆ ನಿಗದಿಪಡಿಸಿರುವ ಕನಿಷ್ಠ ವಯಸ್ಸು 10. ಅಂದರೆ ಅತಿ ಮುಖ್ಯವಾದ ವರ್ಷಗಳು ಹೆಡ್‌ಸೆಟ್ಟಿನ ಕಾಲಕ್ಕಿಂತ ಮುಂಚೆಯೇ ಮುಗಿದಿರುತ್ತವೆ. ಆ ವರ್ಷಗಳಲ್ಲಿ ನೆಲದ ಮೇಲೆ ಚಾಪೆ ಹಾಸಿ ಆಡಿಸುವುದೇ ಚಿಕಿತ್ಸೆ. ಅವಧಿಗೆ ಮುನ್ನ ಹುಟ್ಟಿದ ಅಥವಾ ಹುಟ್ಟಿದಾಗ ಅಳದ ಮಗು ನಾಲ್ಕೈದು ತಿಂಗಳಾದರೂ ತಲೆ ನಿಲ್ಲಿಸದಿದ್ದರೆ, ಒಂದೇ ಕೈ ಬಳಸುತ್ತಿದ್ದರೆ, “ಗಂಡುಮಕ್ಕಳು ನಿಧಾನ, ಕಾಯೋಣ” ಎಂದು ಊರಿನ ಹಿರಿಯರು ಹೇಳಿದರೂ ದಯವಿಟ್ಟು ಕಾಯಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ಮಕ್ಕಳ ತಪಾಸಣೆ ಉಚಿತ.

ಹತ್ತು ದಾಟಿದ ಮಕ್ಕಳಲ್ಲಿಯೂ ಎಲ್ಲರಿಗೂ ಹೆಡ್‌ಸೆಟ್ ಹೊಂದುವುದಿಲ್ಲ. ಸೆರೆಬ್ರಲ್ ಪಾಲ್ಸಿಯ ನಾಲ್ಕು ಮಕ್ಕಳಲ್ಲಿ ಒಬ್ಬರಿಗಾದರೂ ಮೂರ್ಛೆರೋಗ ಇರುತ್ತದೆ. ಮಿನುಗುವ ದೃಶ್ಯಗಳಿಂದ ಕೆಲವರಲ್ಲಿ ಫಿಟ್ಸ್ ಕೆರಳಬಹುದು. ನರರೋಗ ತಜ್ಞರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಮಾಲುಗಣ್ಣಿರುವ ಮಗುವಿಗೆ ಆಳದ ಭಾವನೆ ಸರಿಯಾಗಿ ಮೂಡುವುದಿಲ್ಲ. ಕತ್ತು ದುರ್ಬಲವಾಗಿದ್ದರೆ ಅರ್ಧ ಕಿಲೋ ಭಾರ ಸಣ್ಣದಲ್ಲ. ಮಿದುಳಿನ ನೀರು ಇಳಿಸಲು ಶಂಟ್ ಎಂಬ ನಳಿಕೆ ಹಾಕಿಸಿಕೊಂಡಿದ್ದರೆ, ಹೆಡ್‌ಸೆಟ್ಟಿನ ಆಯಸ್ಕಾಂತದಿಂದ ಅದಕ್ಕೆ ತೊಂದರೆಯಾದೀತೇ ಎಂದು ನರಶಸ್ತ್ರವೈದ್ಯರನ್ನು ಕೇಳಬೇಕು. ಕಣ್ಣು ಚಲನೆಯನ್ನು ನೋಡುತ್ತದೆ, ಒಳಗಿವಿ ಅದನ್ನು ಅನುಭವಿಸುವುದಿಲ್ಲ. ಈ ವೈರುಧ್ಯದಿಂದ ವಾಕರಿಕೆ, ತಲೆಸುತ್ತು ಬರುತ್ತವೆ. ಮಾತು ಬಾರದ ಮಗು ಅದನ್ನು ಹೇಳಲಾರದು. ಮುಖ ಬಿಳಿಚಿದರೆ, ಬೆವರಿದರೆ, ಆಕಳಿಸಿದರೆ ಕೂಡಲೇ ತೆಗೆಯಿರಿ. ಐದು ನಿಮಿಷದಿಂದ ಶುರುಮಾಡುವುದು ಒಳ್ಳೆಯದು. ಸ್ನಾಯುಗಳೇ ಕ್ಷಯಿಸುವ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿಯಲ್ಲಿ ಹೆಚ್ಚು ಆವೃತ್ತಿ ಎಂಬ ಸೂತ್ರವೇ ಅಪಾಯಕಾರಿ, ಅತಿಯಾದ ಶ್ರಮ ಸ್ನಾಯುವನ್ನು ಹಾಳುಮಾಡುತ್ತದೆ. ಸೆರೆಬ್ರಲ್ ಪಾಲ್ಸಿಗೆ ಹೇಳಿದ ಮಾತನ್ನು ಅಲ್ಲಿಗೆ ಅನ್ವಯಿಸಬೇಡಿ.

ಮನೆಗೆ ತರುವುದಾದರೆ ಜಾಗದ ಪ್ರಶ್ನೆ. ನಿಂತು ಆಡುವ ಆಟಗಳಿಗೆ ಎರಡು ಮೀಟರ್ ಉದ್ದಗಲದ ಖಾಲಿ ನೆಲ ಬೇಕು. ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಕಪಾಟು, ಮಂಚ ತೆಗೆದರೆ ಉಳಿಯುವುದು ಅಷ್ಟಿಲ್ಲ. ಕೈಯ ಅಭ್ಯಾಸಕ್ಕೆ ಕುಳಿತು ಆಡುವ ಆಟಗಳೇ ಸಾಕು. ಟಿವಿಗೆ ಜೋಡಿಸುವ ಕ್ಯಾಮೆರಾ ಹೆಚ್ಚು ಅಗ್ಗ, ತಾಯಿಗೂ ಮಗು ಏನು ಮಾಡುತ್ತಿದೆ ಎಂದು ಕಾಣುತ್ತದೆ. ಆಟದ ಸೂಚನೆಗಳು ಇಂಗ್ಲಿಷಿನಲ್ಲಿರುತ್ತವೆ, ಆಸ್ಪತ್ರೆಯಲ್ಲಿ ಹಿಂದಿ, ಮರಾಠಿ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಮಗುವಿಗೆ ಮನೆಯ ಭಾಷೆಯಲ್ಲೇ ಸೂಚನೆ ಕೊಡಿ. ಭಾಷೆಯನ್ನು ಬಿಡಿಸಿಕೊಳ್ಳುವ ಶ್ರಮ ಚಲನೆಗೆ ಅಡ್ಡಿಯಾಗಬಾರದು. ಮಗುವಿನ ಅಜ್ಜಿಯನ್ನು ನಾನು ಒಳಗೆ ಕರೆದು ಕೂರಿಸಿಕೊಳ್ಳುವುದು ಇದಕ್ಕೇ.

ಖರ್ಚಿನ ಬಗ್ಗೆ ಎರಡು ಮಾತು. ಹೆಡ್‌ಸೆಟ್ಟಿಗಿಂತ ಕಾರ್ಯಕ್ರಮದ ಚಂದಾ, ಥೆರಪಿಸ್ಟರ ಸಮಯ ಇವುಗಳ ಲೆಕ್ಕ ಹಾಕಿ. ಆಟದ ಕಂಪನಿಗಳು ಸಾಧನಗಳನ್ನು ಕೈಬಿಡುತ್ತವೆ: ಕಿನೆಕ್ಟ್ ತಯಾರಿಕೆ 2017ರಲ್ಲಿ ನಿಂತಿತು, ಅದನ್ನು ನಂಬಿ ಕಟ್ಟಿದ ಚಿಕಿತ್ಸಾ ವ್ಯವಸ್ಥೆಗಳು ಬೇರೆ ದಾರಿ ಹುಡುಕಬೇಕಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿ ಸೇರಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆ ಕೊಡುತ್ತದೆ, ಅದರಲ್ಲಿ ಥೆರಪಿಗೂ ಪಾಲಿದೆ.

ಸೇರಿಸುವ ದಿನವೇ ಥೆರಪಿಸ್ಟರ ಎದುರು ಕುಳಿತು ಒಂದು ಕೆಲಸವನ್ನು ಬರೆದಿಡಿ. “ಕೈ ಸುಧಾರಿಸಬೇಕು” ಎಂದು ಬರೆದರೆ ಯಾರೂ ಅಳೆಯಲಾರರು. “ಎಡಗೈಯಲ್ಲಿ ತಟ್ಟೆ ಹಿಡಿದು ಬಲಗೈಯಲ್ಲಿ ಊಟ ಮಾಡಬೇಕು” ಎಂದು ಬರೆಯಿರಿ. ಆ ಕೆಲಸವನ್ನು ಮಗು ಈಗ ಮಾಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಈ ಆಟ ಅದರ ಯಾವ ಚಲನೆಯನ್ನು ಮಾಡಿಸುತ್ತದೆ, ಒಂದು ಅವಧಿಯಲ್ಲಿ ಎಷ್ಟು ಸಲ, ಮಗು ಬೆನ್ನು ಬಾಗಿಸಿದರೆ ಯಾರು ನೋಡುತ್ತಾರೆ ಎಂದು ಕೇಳಿ. ಆರರಿಂದ ಎಂಟು ವಾರಗಳ ಬಳಿಕ ಅದೇ ತಟ್ಟೆಯಲ್ಲಿ, ಅದೇ ಜಾಗದಲ್ಲಿ ಮತ್ತೆ ಚಿತ್ರೀಕರಿಸಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಆಟದ ಅಂಕ ಏರಿ ತಟ್ಟೆ ಇನ್ನೂ ಜಾರುತ್ತಿದ್ದರೆ ಆಟ ಬದಲಿಸಲು ಹೇಳಿ. ಬದಲಿಸಿದ ಮೇಲೂ ಹಾಗೆಯೇ ಇದ್ದರೆ ಚಂದಾ ನಿಲ್ಲಿಸಿ, ಆ ಅರ್ಧ ಗಂಟೆಯನ್ನು ತಟ್ಟೆ ಹಿಡಿಯುವ ಅಭ್ಯಾಸಕ್ಕೇ ಕೊಡಿ.